ಆಡಿ ತಿಂಗಳಲ್ಲಿ ಬ್ಲಾಗು ತೆರೆದದ್ದು

ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇರಬಹುದು. ಆದರೆ ಒಂದು ವಿಷಯದಲ್ಲಿ ನನ್ನ ಕೋಪ ನ್ಯಾಯವಾದದ್ದು ಎಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ. ಜನರ ಮಾತನ್ನು ತಮ್ಮ ಹತ್ತಿರ ಇಟ್ಟುಕೊಂಡವರು, ಅಂಗಡಿ ಮುಚ್ಚುವ ಮೊದಲು ಅವರಿಗೆ ಒಂದು ಮಾತು ಹೇಳಬೇಕು. ಹೇಳಲು ಏನು ಕಷ್ಟ? ಬಾಯಿ ಇದೆ, ಫೋನ್ ಇದೆ.

ಓಮಲೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ನಾನು, ಕಾರಿಮಂಗಲದ ತನ್ನ ಮನೆಯಲ್ಲಿ ಕುಳಿತು ನನ್ನ ನಾದಿನಿ, ಇಬ್ಬರೂ ಸೇರಿ ಒಂದು ಬ್ಲಾಗ್ ತಾಣ ನಡೆಸುತ್ತೇವೆ. ಸೇಲಂ, ಧರ್ಮಪುರಿ ಕಡೆಯ ನಮ್ಮ ಕನ್ನಡದವರಿಗೆ ಎಂದೇ ಇರುವ ತಾಣ. ನಮ್ಮವರಿಗೆ ಕನ್ನಡ ಬಾಯಲ್ಲಿದೆ, ಕೈಯಲ್ಲಿಲ್ಲ. ಶಾಲೆಯಲ್ಲಿ ಓದಿದ್ದು ತಮಿಳು. ನಾನೇ ಕನ್ನಡ ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಹಟಕ್ಕೆ ಬಿದ್ದು. ಹಾಗಾಗಿ ನಮ್ಮ ತಾಣದಲ್ಲಿ ಯಾರೂ ಬರೆಯಬೇಕಾಗಿಲ್ಲ. ಫೋನಿಗೆ ಮಾತಾಡಿದರೆ ಅದು ಅವರವರ ಪುಟದಲ್ಲಿ ಹೋಗಿ ಕೂರುತ್ತದೆ. ಬೇಕಾದವರು ಕೇಳುತ್ತಾರೆ, ಓದಬೇಕು ಎನ್ನುವವರು ತಮಿಳು ಅಕ್ಷರದಲ್ಲೋ ಕನ್ನಡ ಅಕ್ಷರದಲ್ಲೋ ಓದಿಕೊಳ್ಳುತ್ತಾರೆ. ನಾದಿನಿ ಒಳಗಿನ ಯಂತ್ರ ನೋಡಿಕೊಳ್ಳುತ್ತಾಳೆ. ಜನರ ಜೊತೆ ಮಾತಾಡುವುದು, ಜಗಳವಾಡುವುದು ನನ್ನ ಪಾಲಿನ ಕೆಲಸ.

ಈ ತಾಣ ಮೊದಲು ನಮ್ಮದಾಗಿರಲಿಲ್ಲ. ದೂರದ ಯಾವುದೋ ಊರಿನ ಒಂದು ಸಣ್ಣ ಕಂಪನಿ ಅದನ್ನು ನಡೆಸುತ್ತಿತ್ತು. ನಾನು ಅವರ ಪರವಾಗಿ ಹಳ್ಳಿಗಳಲ್ಲಿ ತಿರುಗಿ, ಜನರ ಫೋನಿಗೆ ಅದನ್ನು ಹಾಕಿಕೊಟ್ಟು, ಬಳಸುವುದನ್ನು ಕಲಿಸುತ್ತಿದ್ದೆ. ಪೆನ್ನಾಗರದ ಆಚೆ, ಕಾಡಿನ ಅಂಚಿನ ಹಳ್ಳಿಯಲ್ಲಿರುವ ನನ್ನ ದೊಡ್ಡಮ್ಮನಿಗೂ ನಾನೇ ಕಲಿಸಿದ್ದು. ದೊಡ್ಡಮ್ಮ ಎಂದರೆ ನಮ್ಮವ್ವನ ಅಕ್ಕ. ಬದುಕೆಲ್ಲ ಕುರಿ ಸಾಕಿದವಳು. ಕುರಿಗಳನ್ನು ಮೇಯಲು ಬಿಟ್ಟು ಹುಣಸೆ ಮರದ ಕೆಳಗೆ ಕೂತು ಫೋನಿಗೆ ಮಾತಾಡುತ್ತಿದ್ದಳು. ಯಾವ ಕುರಿ ಮೊಂಡಾಟ ಮಾಡಿತು, ಯಾರ ಮನೆಯ ಸೊಸೆ ಯಾಕೆ ಮುನಿಸಿಕೊಂಡು ತವರಿಗೆ ಹೋದಳು, ಈ ಸಲ ರಾಗಿ ತೆನೆ ಹೇಗೆ ಕಟ್ಟಿತು, ಒಂದಕ್ಕೂ ಮುಚ್ಚುಮರೆ ಇರಲಿಲ್ಲ. ಮೆಟ್ಟೂರು ಕಡೆಯಿಂದ ಕಾರಿಮಂಗಲದವರೆಗೆ ಅವಳ ಮಾತಿಗೆ ಕಾದು ಕೂರುವ ಜನ ಇದ್ದರು. ಅವಳು ಬೈದರೆ ಬೈಸಿಕೊಂಡವರೂ ನಗುತ್ತಿದ್ದರು.

ಒಂದು ದಿನ ಬೆಳಿಗ್ಗೆ ತಾಣ ತೆರೆಯಲಿಲ್ಲ. ಮರುದಿನವೂ ತೆರೆಯಲಿಲ್ಲ. ಕಂಪನಿಯವರಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ. ಜನ ನನ್ನನ್ನು ಕೇಳಿದರು. ನನಗೇ ಗೊತ್ತಿಲ್ಲದ್ದನ್ನು ನಾನು ಏನೆಂದು ಹೇಳಲಿ? ಸುಮ್ಮನಿರುವುದು ನನಗೆ ಬರುವುದಿಲ್ಲ, ಆದರೂ ಸುಮ್ಮನಿರಬೇಕಾಯಿತು. ಆ ಕಂಪನಿಯವರನ್ನು ನಾನು ಅಂದು ಬೈದಷ್ಟು ಬೇರೆ ಯಾರನ್ನೂ ಬೈದಿಲ್ಲ.

ಅದೇ ಸಮಯದಿಂದ ದೊಡ್ಡಮ್ಮ ನಮ್ಮ ಮನೆಗೆ ಬರುವುದು ನಿಂತುಹೋಯಿತು. ಅವ್ವ ಇರುವುದು ನನ್ನ ಜೊತೆಯಲ್ಲೇ. ಅಕ್ಕ ತಂಗಿ ಇಬ್ಬರೂ ವಾರಕ್ಕೊಮ್ಮೆಯಾದರೂ ಫೋನಿನಲ್ಲಿ ಹರಟುತ್ತಿದ್ದವರು. ಈಗ ಅವ್ವ ಮಾಡಿದರೆ ದೊಡ್ಡಮ್ಮ ಎತ್ತುವುದಿಲ್ಲ, ಎತ್ತಿದರೆ ‘ಕುರಿ ಓಯ್ತು’ ಎಂದು ಇಟ್ಟುಬಿಡುತ್ತಾಳೆ. ಕೇಳಿದವರಿಗೆಲ್ಲ ಅವ್ವ ಒಂದೇ ಮಾತು ಹೇಳುತ್ತಿದ್ದಳು, ಅಕ್ಕನಿಗೆ ಮಂಡಿ ನೋವು, ಬಸ್ಸು ಹತ್ತಲು ಆಗುವುದಿಲ್ಲ ಎಂದು. ಮಾವಿನಕಾಯಿ ಉಪ್ಪಿನಕಾಯಿ ಹಾಕಿದಾಗ ಅಕ್ಕನಿಗೆಂದು ತೆಗೆದಿಟ್ಟದ್ದನ್ನು ಕೊನೆಗೆ ನಾವೇ ತಿನ್ನುತ್ತಿದ್ದೆವು. ಅವ್ವ ಅದನ್ನು ಬಾಯಿಗೆ ಹಾಕುತ್ತಿರಲಿಲ್ಲ.

ತಾಣವನ್ನು ಮತ್ತೆ ತೆರೆಯೋಣ ಎಂದದ್ದು ನಾದಿನಿ. ನಾನು ಬಿಟ್ಟರೂ ಅವಳು ಬಿಡುವವಳಲ್ಲ. ಹೇಗೋ ಆ ಕಂಪನಿಯವರ ಬೆನ್ನು ಹತ್ತಿ, ಕಾಡಿ ಬೇಡಿ, ಹಳೆಯ ಪುಟಗಳೆಲ್ಲ ಇನ್ನೂ ಅವರ ಹತ್ತಿರ ಇರುವುದನ್ನು ಕಂಡುಹಿಡಿದಳು. ಅವರು ಒಪ್ಪಿದರು. ಆದರೆ ಎರಡು ಷರತ್ತು. ಯಾರ ಪುಟ ಬೇಕೋ ಅವರೇ ಹೊಸ ತಾಣಕ್ಕೆ ಬಂದು, ಹೊಸ ಪಾಸ್‌ವರ್ಡ್ ಇಟ್ಟು, ‘ಸರಿ’ ಎಂದು ಒತ್ತಬೇಕು. ಅವರ ಒಪ್ಪಿಗೆ ಇಲ್ಲದೆ ನಾವು ಒಂದು ಮಾತನ್ನೂ ಎತ್ತಿಕೊಳ್ಳುವಂತಿಲ್ಲ. ಇನ್ನೊಂದು, ಆಡಿ ತಿಂಗಳು, ಅಂದರೆ ತಮಿಳು ಲೆಕ್ಕದ ಆಷಾಢ, ಮುಗಿಯುವುದಕ್ಕೆ ಮುಂಚೆಯೇ ಬರುವ ಒಂದು ತಾರೀಕಿಗೆ ಹಳೆಯದನ್ನೆಲ್ಲ ಅಳಿಸಿಬಿಡುತ್ತಾರೆ. ಅಷ್ಟರೊಳಗೆ ಬಾರದವರ ಮಾತು ಹೋದಂತೆಯೇ. ದೊಡ್ಡಮ್ಮನ ಅಷ್ಟೂ ಮಾತು ಅದರಲ್ಲಿತ್ತು.

ನಾನು ಸೆರಗು ಬಿಗಿದು ನಿಂತೆ. ಆಡಿ ಹುಟ್ಟಿದ ದಿನವೇ ತಾಣ ತೆರೆದೆವು. ನೋಟಿಸು ಕೊಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನನಗೇ ಹೆಮ್ಮೆ. ಏನು ಆಗಿತ್ತು, ಈಗ ಯಾರು ನಡೆಸುತ್ತಿದ್ದೇವೆ, ಏನು ಮಾಡಬೇಕು, ಎಂದಿನ ಒಳಗೆ ಮಾಡಬೇಕು, ಎಲ್ಲವನ್ನೂ ಬಿಡಿಸಿ ಬಿಡಿಸಿ ನನ್ನ ಧ್ವನಿಯಲ್ಲೇ ಹೇಳಿ ಎಲ್ಲರ ಫೋನಿಗೂ ಕಳಿಸಿದೆ. ಕಳಿಸಿ ಕಾಫಿ ಕುಡಿಯುತ್ತಾ ಕೂತೆ.

ಒಬ್ಬರೂ ಬರಲಿಲ್ಲ. ನೋಟಿಸನ್ನು ಎಲ್ಲರೂ ಕೇಳಿದ್ದರು, ಅದು ನಮಗೆ ಕಾಣುತ್ತದೆ. ಕೇಳಿ ಕೈ ಕಟ್ಟಿ ಕೂತಿದ್ದರು. ಇನ್ನೊಂದು ಕಳಿಸಿದೆ, ಸ್ವಲ್ಪ ಗಟ್ಟಿ ದನಿಯಲ್ಲಿ. ಮತ್ತೊಂದು ಕಳಿಸಿದೆ, ಅದರಲ್ಲಿ ಬೈಗುಳ ಒಂದು ಬಾಕಿ. ಆಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ‘ಸರಿ ಮಾ, ಪಾಕ್ಕಲಾಂ’ ಎಂದರು, ನೋಡೋಣ ಎಂದು. ಮೆಟ್ಟೂರಿನ ಒಬ್ಬ ಮಾವ, ‘ಆಗ್ಲಿ ತಾಯಿ, ಎಲ್ಲೋಯ್ತದೆ?’ ಎಂದರು. ‘ಎಲ್ಲೂ ಓಗಲ್ಲ, ಅಳಿಸ್ತಾರೆ!’ ಎಂದು ಗಂಟಲು ಹರಿದುಕೊಂಡೆ. ಅವರು ನಕ್ಕರು. ಇವರಿಗೆ ತಮ್ಮ ಮಾತೇ ಬೇಡವೇ ಎಂದು ನನಗೆ ಅಳು ಬರುವಷ್ಟು ಸಿಟ್ಟು ಬಂತು. ದೊಡ್ಡಮ್ಮನಂತೂ ಫೋನೇ ಎತ್ತಲಿಲ್ಲ.

ಮುಖಕ್ಕೆ ಮುಖ ಕೊಟ್ಟು ಕೇಳಿಯೇ ಬಿಡೋಣ ಎಂದು ಧರ್ಮಪುರಿಯಲ್ಲಿ ಬಸ್ಸು ಬದಲಿಸಿ ಪೆನ್ನಾಗರಕ್ಕೆ ಹೋದೆ. ಅಲ್ಲಿಂದ ಶೇರ್ ಆಟೋ. ದೊಡ್ಡಮ್ಮ ಹಟ್ಟಿಯ ಮುಂದೆ ಕೂತು ಕುರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದಳು. ನನ್ನನ್ನು ನೋಡಿ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಕುರಿಯ ಕಾಲನ್ನು ನನ್ನ ಕೈಗೆ ಕೊಟ್ಟು, ‘ಗಟ್ಟಿಯಾಗ್ ಇಡ್ಕಾ’ ಎಂದಳು. ಹಿಡಿದುಕೊಂಡೇ ನಾನು ಶುರು ಮಾಡಿದೆ. ಎಷ್ಟು ಸಲ ಹೇಳಿದ್ದೇನೆ, ಯಾಕೆ ಯಾರೂ ಬರುವುದಿಲ್ಲ, ನಿಮಗೆಲ್ಲ ಏನಾಗಿದೆ ಎಂದು.

‘ಇದ್ಯಾವ್ ತಿಂಗ್ಳು?’ ಎಂದಳು ದೊಡ್ಡಮ್ಮ.

‘ಆಡಿ.’

‘ಆಡೀಲಿ ನೀನು ಒಸಾ ಸೀರೆ ತೆಗೀತೀಯಾ? ಒಸಾ ಮನೇಲಿ ಆಲು ಉಕ್ಕುಸ್ತೀಯಾ?’

‘ಇಲ್ಲ.’

‘ಮತ್ತೆ ನಮ್ಮುನ್ನ ಯಾಕಮ್ಮೀ ಕರೀತೀಯ? ಎಲ್ರೂ ಆಡಿ ಕಳ್ದು ಆವಣಿ ಉಟ್ಲಿ ಅಂತ ಕುಂತವ್ರೆ. ಇದು ನಿಂಗೆ ಗೊತ್ತಿಲ್ದೆ ಇರ್ತೈತಾ ಅಂತ ಯಾರೂ ಏಳ್ನಿಲ್ಲ.’

ಆಡಿ ತಿಂಗಳಲ್ಲಿ ನಾನೂ ಏನನ್ನೂ ಶುರು ಮಾಡುವವಳಲ್ಲ. ಸೇಲಂನ ಬಟ್ಟೆ ಅಂಗಡಿಗಳು ಆಡಿಯಲ್ಲಿ ಬೆಲೆ ಇಳಿಸುವುದೇ ಯಾರೂ ಹೊಸದು ಕೊಳ್ಳುವುದಿಲ್ಲ ಎಂದು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಮನೆ ಬದಲಿಸುವುದೂ ಇಲ್ಲ. ಇಷ್ಟೆಲ್ಲ ಗೊತ್ತಿದ್ದೂ ಕಂಪ್ಯೂಟರಿಗೂ ಆಡಿ ಇದೆ ಎಂದು ನನಗೆ ಹೊಳೆದಿರಲಿಲ್ಲ. ಅಷ್ಟೂ ನೋಟಿಸಿನಲ್ಲಿ ‘ಹೊಸ ತಾಣ, ಹೊಸ ತಾಣ’ ಎಂದು ಬಡಬಡಿಸಿದ್ದೆ. ಸಿಟ್ಟು ಇಳಿದು ನನಗೇ ನಗು ಬಂತು.

‘ಆವಣಿವರೆಗೂ ಕಾಯೋಕೆ ಆಗಲ್ಲ ದೊಡ್ಡಮ್ಮ. ಅಷ್ಟೊತ್ತಿಗೆ ಎಲ್ಲಾ ಅಳಿಸ್ಬುಟ್ಟಿರ್ತಾರೆ. ನಿಂದೂ ಓಗ್ತೈತೆ.’

‘ನಂದು ಆವಾಗ್ಲೇ ಓಯ್ತಲ್ಲ,’ ಎಂದಳು. ಮುಳ್ಳು ಹೊರಬಂದಿತ್ತು. ಕುರಿಯನ್ನು ಬಿಟ್ಟು ಕೈ ಒರೆಸಿಕೊಂಡು, ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದಳು. ‘ನಿಮ್ಮವ್ವ ಏಳುದ್ಲು, ನೀನು ಅಳಿಸ್ದೆ. ನಂಗೊತ್ತಿಲ್ವಾ?’

ಆಗ ತಿಳಿಯಿತು ಅವಳು ನಮ್ಮ ಮನೆ ಮೆಟ್ಟಿಲು ಯಾಕೆ ತುಳಿಯುತ್ತಿಲ್ಲ ಎಂದು. ಅವಳೇ ಹೇಳಿದಳು. ತಾಣ ನಿಲ್ಲುವುದಕ್ಕೆ ಸ್ವಲ್ಪ ಮೊದಲು, ನಾನು ಹಳ್ಳಿ ತಿರುಗಲು ಹೋಗಿದ್ದಾಗ, ಓಮಲೂರಿನಲ್ಲಿ ನಮ್ಮ ಸಂಬಂಧಿಕರ ಮಗುವಿನ ಕಿವಿ ಚುಚ್ಚುವ ಶಾಸ್ತ್ರ. ಅವ್ವ ಅಲ್ಲಿ ನಮ್ಮ ಬೀದಿಯ ತಮಿಳು ಹೆಂಗಸರ ನಡುವೆ ಕೂತಿದ್ದಾಳೆ. ದೊಡ್ಡಮ್ಮ ಬಾಗಿಲಿನಿಂದಲೇ ಜೋರಾಗಿ ಕನ್ನಡದಲ್ಲಿ ತಂಗಿಯನ್ನು ಕೂಗಿದ್ದಾಳೆ. ಅವ್ವ ತಲೆ ಎತ್ತಿ ನೋಡಿ, ‘ವಾಂಗ, ಉಕ್ಕಾರುಂಗ’ ಎಂದಿದ್ದಾಳೆ. ಬನ್ನಿ, ಕೂತುಕೊಳ್ಳಿ. ಪಕ್ಕದಲ್ಲಿ ಕೂತವರು, ಇವರು ಯಾರು ಎಂದು ಕೇಳಿದರೆ, ಊರಿನ ಕಡೆಯವರು ಎಂದಿದ್ದಾಳೆ.

‘ಬೆನ್ನಿಂದೆ ಉಟ್ಟಿದ ತಂಗಿ ನನ್ನ ವಾಂಗ ಅಂದ್ಲು. ಯಾರೋ ದಾರೀಲಿ ಓಗೋಳ್ಗೆ ಅಂದಂಗೆ. ಅದುನ್ನ ಬ್ಲಾಗಲ್ಲಿ ಏಳ್ದೆ. ಮಾರ್ನೇ ದಿನಾನೇ ನನ್ ಮಾತೆಲ್ಲಾ ಮಂಗಮಾಯ. ಇದುನ್ನ ಆಕ್ಕೊಟ್ಟೋಳು ನೀನು, ಅವ್ಳ ಮಗ್ಳು ನೀನು. ಇನ್ಯಾರ್ ತೆಗೀತಾರೆ?’

ಆಣೆ ಇಟ್ಟೆ. ಎಲ್ಲರ ಪುಟವೂ ಹೋಗಿತ್ತು, ನಾವ್ಯಾರೂ ಅಳಿಸಲಿಲ್ಲ ಎಂದೆ. ‘ಈಗ್ ಏಳ್ತೀಯ,’ ಎಂದಳು ದೊಡ್ಡಮ್ಮ. ‘ಆವಾಗ್ ಯಾಕ್ ಏಳ್ನಿಲ್ಲ?’

ಆ ಕಂಪನಿಯವರು ಬಾಯಿ ಮುಚ್ಚಿಕೊಂಡು ಎದ್ದು ಹೋದರು. ಅವರು ಹೇಳದೆ ಬಿಟ್ಟ ಜಾಗದಲ್ಲಿ ನಮ್ಮ ದೊಡ್ಡಮ್ಮ ನಮ್ಮವ್ವನನ್ನು ತಂದು ಕೂರಿಸಿದ್ದಳು. ಕಾರಣ ಹೇಳದಿದ್ದರೆ ಜನ ತಮಗೆ ತೋಚಿದ ಕಾರಣ ಹುಡುಕಿಕೊಳ್ಳುತ್ತಾರೆ, ಅದೂ ಎಲ್ಲಿ ಹೆಚ್ಚು ನೋಯುತ್ತದೋ ಅಲ್ಲೇ ಹುಡುಕುತ್ತಾರೆ. ಇದನ್ನು ನಾನು ಯಾವ ತರಬೇತಿಯಲ್ಲೂ ಕಲಿತಿರಲಿಲ್ಲ. ದೊಡ್ಡಮ್ಮ ಮಜ್ಜಿಗೆ ಕೊಟ್ಟಳು, ಕುಡಿದೆ. ಹೊರಡುವಾಗ, ‘ಆಡಿ ಅದಿನೆಂಟು ಬರ್ಲಿ, ನೋಡಾನ. ಅವತ್ತು ಏನ್ ಮಾಡಿದ್ರೂ ಬೆಳೀತೈತೆ,’ ಎಂದಳು. ಬರುತ್ತೇನೆ ಎಂದು ಮಾತು ಕೊಡಲಿಲ್ಲ.

ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ನಿಂತಿದ್ದಳು. ‘ಏನಂದ್ಲು ಅಕ್ಕ?’

‘ಮಂಡಿ ನೋವಂತೆ,’ ಎಂದೆ. ಎಲ್ಲರಿಗೂ ಎಲ್ಲವನ್ನೂ ಹೇಳಬೇಕು ಎನ್ನುವ ನಾನು ಅದೊಂದನ್ನು ನುಂಗಿಕೊಂಡೆ.

ಆಡಿ ಹದಿನೆಂಟು ಎಂದರೆ ನಮ್ಮ ಕಡೆ ಹೊಳೆಯ ಹಬ್ಬ. ಇಡೀ ಆಡಿಯಲ್ಲಿ ಶುಭಕ್ಕೆ ಬಾಗಿಲು ತೆರೆದಿರುವ ದಿನ ಅದೊಂದೇ. ಅಂದು ಕಾವೇರಿಯಲ್ಲಿ ಮಿಂದು, ಮೊಳಕೆ ಬರಿಸಿದ ಕಾಳನ್ನು ನೀರಿಗೆ ಬಿಟ್ಟು, ಏನು ಶುರು ಮಾಡಿದರೂ ಹೊಳೆಯಂತೆ ತುಂಬಿ ಬರುತ್ತದೆ ಎಂದು ನಮ್ಮವರ ನಂಬಿಕೆ. ಅಳಿಸುವ ತಾರೀಕಿಗೆ ಇನ್ನೂ ಸ್ವಲ್ಪ ದಿನ ಉಳಿದಿರುತ್ತದೆ. ಹಳೆಯ ನೋಟಿಸುಗಳನ್ನೆಲ್ಲ ಕಿತ್ತುಹಾಕಿ ಒಂದೇ ಒಂದು ಕಳಿಸಿದೆ. ಆಡಿಯಲ್ಲಿ ಕರೆದದ್ದು ನನ್ನ ತಪ್ಪು, ಹದಿನೆಂಟರಂದು ಬನ್ನಿ, ಅಂದು ಏನಾದರೂ ಕೆಟ್ಟರೆ ಕೆಟ್ಟಿದೆ ಎಂದು ನಾನೇ ಹೇಳುತ್ತೇನೆ, ನನ್ನ ಬಾಯಿಂದ ಕೇಳುವ ತನಕ ಯಾವ ಮಾತನ್ನೂ ನಂಬಬೇಡಿ. ಉತ್ತರಗಳು ತಾವಾಗೇ ಬಂದವು. ಮೆಟ್ಟೂರಿನ ಮಾವ ‘ಈಗ್ ಸರಿ ಓಯ್ತು’ ಎಂದು ಕಳಿಸಿದ್ದರು.

ಆ ದಿನ ಬೆಳಿಗ್ಗೆ ಅವ್ವ ತಾಳಿಯ ಅರಿಶಿನದ ದಾರ ಬದಲಿಸಿಕೊಂಡು, ಚಿತ್ರಾನ್ನ, ಮೊಸರನ್ನ ಕಲಸುತ್ತಿದ್ದಳು. ನಾನು ಪರದೆಯ ಮುಂದೆ, ಕಿವಿಯಲ್ಲಿ ನಾದಿನಿ. ಹೊತ್ತು ಏರಿದರೂ ಯಾರ ಸುಳಿವೂ ಇಲ್ಲ. ನನಗೆ ಮತ್ತೆ ಮೈ ಉರಿಯತೊಡಗಿತು. ಇದ್ದಕ್ಕಿದ್ದಂತೆ ಜನ ನುಗ್ಗಿದರು. ಒಬ್ಬರ ಹಿಂದೆ ಒಬ್ಬರಲ್ಲ, ಎಲ್ಲರೂ ಒಟ್ಟಿಗೆ. ಹೆಸರುಗಳು ಪರದೆಯ ಮೇಲೆ ಓಡುತ್ತಿದ್ದವು. ಅದರಲ್ಲಿ ದೊಡ್ಡಮ್ಮನ ಹೆಸರೂ ಬಂತು. ‘ಸರಿ’ ಒತ್ತಿದ್ದಳು. ಅವಳ ಹಳೆಯ ಪುಟ ತೆರೆಯಿತು. ಕೊನೆಯ ಮಾತು, ಕಿವಿ ಚುಚ್ಚುವ ಶಾಸ್ತ್ರದ್ದು, ಎಲ್ಲಕ್ಕಿಂತ ಮೇಲೆ ನಿಂತಿತ್ತು. ನಾನು ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ.

ಅಷ್ಟರಲ್ಲಿ ಪರದೆ ಬೆಳ್ಳಗಾಯಿತು. ತಾಣ ಬಿದ್ದುಹೋಗಿತ್ತು.

‘ಅತ್ತಿಗೆ, ಎಲ್ರೂ ಒಂದೇ ಸಲ ಯಾಕ್ ಬಂದ್ರು?’ ಎಂದು ನಾದಿನಿ ಅತ್ತ ಕಡೆಯಿಂದ ಕೂಗಿದಳು. ನಾನು ತಲೆ ಎತ್ತಿ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಆ ದಿನದ ಹಾಳೆ ನೋಡಿದೆ. ಅದರ ಮೂಲೆಯಲ್ಲಿ ‘ನಲ್ಲ ನೇರಂ’ ಎಂದು ಆ ದಿನದ ಒಳ್ಳೆಯ ಗಳಿಗೆ ಅಚ್ಚಾಗಿತ್ತು. ರಾಹುಕಾಲ ಕಳೆಯಲಿ ಎಂದು ಸೇಲಂ, ಧರ್ಮಪುರಿ ಎರಡೂ ಕಡೆಯವರು ಫೋನ್ ಕೈಯಲ್ಲಿ ಹಿಡಿದು ಕಾದಿದ್ದರು. ಗಳಿಗೆ ಬಂದದ್ದೇ ತಡ, ಎಲ್ಲರೂ ಒಟ್ಟಿಗೆ ಒತ್ತಿದ್ದರು.

‘ಯಾರ್ಗೂ ಏನೂ ಏಳ್ಬ್ಯಾಡಿ,’ ಎಂದಳು ನಾದಿನಿ. ‘ಅರ್ಧ ಗಂಟೇಲಿ ಎಬ್ಬಿಸ್ಬುಡ್ತೀನಿ. ಏಳಿದ್ರೆ ಜನ ಬೆದ್ರುಕೊಳ್ತಾರೆ.’

‘ಏಳ್ದೆ ಇದ್ರೆ ಕತೆ ಕಟ್ಕೊಳ್ತಾರೆ. ನೀನು ನಿನ್ ಕೆಲ್ಸ ನೋಡು,’ ಎಂದೆ.

ಅವಳ ಜೊತೆ ವಾದ ಮಾಡುತ್ತಾ ಕೂರಲಿಲ್ಲ. ನೀವೆಲ್ಲ ಒಂದೇ ಗಳಿಗೆಯಲ್ಲಿ ಬಂದಿರಿ, ತಡೆಯಲಾಗದೆ ತಾಣ ಬಿದ್ದಿದೆ. ನಿಮ್ಮ ಮಾತು ಎಲ್ಲೂ ಹೋಗಿಲ್ಲ. ಯಾವಾಗ ಏಳುತ್ತದೆ ಎಂದು ನನಗೆ ಗೊತ್ತಿಲ್ಲ. ದೀಪ ಹಚ್ಚುವ ಹೊತ್ತಿಗೆ, ಸರಿಯಾಗಿದ್ದರೂ ಆಗದಿದ್ದರೂ, ಮತ್ತೆ ಬಂದು ಹೇಳುತ್ತೇನೆ. ಇಷ್ಟನ್ನು ಹೇಳಿ ಎಲ್ಲರ ಫೋನಿಗೂ ಕಳಿಸಿದೆ. ಆಮೇಲೆ ದೊಡ್ಡಮ್ಮನಿಗೆ ಫೋನ್ ಮಾಡಿದೆ.

‘ತಿರ್ಗಾ ಅಳಿಸಿದ್ರಾ?’ ಎಂದಳು. ದನಿ ತಣ್ಣಗಿತ್ತು. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಆದದ್ದನ್ನು ಹಾಗೆಯೇ ಹೇಳಿದೆ. ಅವಳು ‘ಊಂ’ ಎಂದಷ್ಟೇ ಅಂದು ಫೋನ್ ಇಟ್ಟಳು.

ಅರ್ಧ ಗಂಟೆಯಲ್ಲಿ ಏಳಲಿಲ್ಲ. ಮಧ್ಯಾಹ್ನವೂ ಏಳಲಿಲ್ಲ. ನಾವು ಬಾಡಿಗೆಗೆ ಹಿಡಿದಿದ್ದ ಸರ್ವರ್ ಚಿಕ್ಕದು, ದೊಡ್ಡದು ಸಿಗುವುದು ಮರುದಿನ ಬೆಳಿಗ್ಗೆಯೇ ಎಂದು ನಾದಿನಿ ಅಳುದನಿಯಲ್ಲಿ ಹೇಳಿದಳು. ಚಿತ್ರಾನ್ನ ತಟ್ಟೆಯಲ್ಲಿ ಒಣಗಿತು. ದೀಪ ಹಚ್ಚುವ ಹೊತ್ತಿಗೆ, ಹೇಳಿದ ಮಾತಿನಂತೆ, ಇನ್ನೂ ಸರಿಯಾಗಿಲ್ಲ, ನಾಳೆ ಬೆಳಿಗ್ಗೆ ಎಂದು ಎಲ್ಲರಿಗೂ ಹೇಳಿ ಕಳಿಸಿದೆ. ನಾಚಿಕೆಯೇನೂ ಆಗಲಿಲ್ಲ. ಒಬ್ಬರೂ ಬೈಯಲಿಲ್ಲ, ನಮ್ಮಿಂದಲೇ ಬಿತ್ತಾ ಎಂದು ಕೆಲವರು ಹಲ್ಲು ಕಿರಿದು ಕೇಳಿದರು. ಮತ್ತೆ ದೊಡ್ಡಮ್ಮನಿಗೆ ಫೋನ್ ಹಚ್ಚಿದೆ.

‘ಆಯ್ತಾ?’

‘ಇಲ್ಲ ದೊಡ್ಡಮ್ಮ, ಇನ್ನೂ ಆಗಿಲ್ಲ.’

‘ಆಗಿಲ್ಲ ಅಂತ ಏಳಾಕೆ ಫೋನ್ ಮಾಡುದ್ಯಾ?’

‘ಊಂ.’

ಅತ್ತ ಕಡೆ ಕುರಿಗಳು ಹಟ್ಟಿಗೆ ಬಂದು ಸೇರುವ ಸದ್ದು. ಅವಳು ಒಂದೊಂದನ್ನೂ ಎಣಿಸಿ ಒಳಗೆ ಬಿಟ್ಟಳು. ಆಮೇಲೆ ಕೇಳಿದಳು. ‘ಅಂಗಾದ್ರೆ ಇದು ತಾನಾಗೇ ಬೀಳ್ತೈತಾ? ಯಾರೂ ಅಳಿಸ್ದೇನೇ?’

‘ಬೀಳ್ತೈತೆ. ಅವತ್ತೂ ನಿನ್ ಮಾತ್ನ ಯಾರೂ ಅಳಿಸ್ನಿಲ್ಲ. ಎಲ್ರುದೂ ಒಟ್ಗೆ ನಿಂತೋಯ್ತು. ಏಳೋರು ಇರ್ನಿಲ್ಲ ಅಷ್ಟೇ.’

‘ನಿಮ್ಮವ್ವುನ್ ಕೈಗ್ ಕೊಡು.’

ಅವ್ವ ಹೊರಗಿನ ಜಗಲಿಯಲ್ಲಿ ಪಕ್ಕದ ಮನೆಯ ತಮಿಳು ಹೆಂಗಸರ ಜೊತೆ ಹೂ ಕಟ್ಟುತ್ತಾ ಕೂತಿದ್ದಳು. ಅವಳ ಕೈಗೆ ಫೋನ್ ಕೊಟ್ಟೆ. ಅವಳಿಗೆ ಫೋನ್ ಕಿವಿಗೆ ಇಟ್ಟು ಮಾತಾಡಿ ಅಭ್ಯಾಸವಿಲ್ಲ. ಸ್ಪೀಕರ್ ಹಾಕಿ ಅಂಗೈಯಲ್ಲಿ ಹಿಡಿಯುತ್ತಾಳೆ. ಹಾಗಾಗಿ ಎಲ್ಲರಿಗೂ ಕೇಳಿಸಿತು.

‘ನೀನ್ ಮಗ್ಳ್ಗೆ ಏಳಿ ನನ್ ಮಾತ್ನ ಅಳಿಸಾಕುಸ್ನಿಲ್ವಾ?’ ಎಂದಳು ದೊಡ್ಡಮ್ಮ. ಹೇಗಿದ್ದೀಯ ಎಂದೂ ಕೇಳಲಿಲ್ಲ.

ಅವ್ವನಿಗೆ ಏನೆಂದು ಬಿಡಿಸಿ ಹೇಳಬೇಕಾಗಲಿಲ್ಲ. ಕಟ್ಟುತ್ತಿದ್ದ ಹೂವನ್ನು ಪಕ್ಕಕ್ಕಿಟ್ಟಳು. ‘ನಾನ್ ಅಳಿಸ್ನಿಲ್ಲಕ್ಕ,’ ಎಂದಳು. ‘ಕೇಳ್ದೆ. ನೀನ್ ಏಳಿದ್ನ ಅವತ್ತೇ ಕೇಳ್ದೆ. ಮಾರ್ನೇ ದಿನ ಅದು ಓಗ್ಬುಡ್ತಲ್ಲ, ಸದ್ಯ ಓಯ್ತು, ಇನ್ಯಾರೂ ಕೇಳಲ್ಲ ಅಂತ ಕುಸಿಪಟ್ಟೆ. ಅದು ಮಾತ್ರ ನಿಜ.’

ನಮ್ಮವ್ವ ಅದನ್ನು ಕೇಳಿದ್ದಳು ಎಂದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ.

‘ನಾಳೆ ಅದು ತಿರ್ಗಾ ಬರ್ತೈತಂತೆ,’ ಎಂದಳು ದೊಡ್ಡಮ್ಮ. ‘ಎಲ್ರೂ ಕೇಳ್ತಾರೆ.’

‘ಬರ್ಲಿ ಬುಡಕ್ಕ,’ ಎಂದಳು ಅವ್ವ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ‘ಕೇಳ್ಲಿ.’

ಪಕ್ಕದಲ್ಲಿ ಕೂತಿದ್ದ ಹೆಂಗಸು ಅವ್ವನ ಮೊಣಕೈ ಮುಟ್ಟಿ, ಯಾರದು ಫೋನಿನಲ್ಲಿ ಎಂದು ತಮಿಳಿನಲ್ಲಿ ಕೇಳಿದಳು.

‘ಎಂಗ ಅಕ್ಕಾ,’ ಎಂದಳು ಅವ್ವ, ದೊಡ್ಡಮ್ಮನಿಗೂ ಕೇಳಲಿ ಎಂದು ಜೋರಾಗಿ. ‘ನಮ್ಮಕ್ಕ.’